ಬಗ್ಗಿ ಕೂಡುವ ಫಟಫಟಿ

ಮರಿಲಿಂಗಮ್ಮನಿಗೆ ಸಿಟ್ಟು ಬಂದರೆ ಕರಿಗುಡ್ಡ ಊರಿನ ನಾಯಿಗಳೂ ಬಾಲ ಮಡಚಿಕೊಂಡು ದಾರಿ ಬಿಡುತ್ತಿದ್ದವು. ಆ ಬೇಸಿಗೆಯಲ್ಲಂತೂ ಆಕೆಯ ಸಿಟ್ಟು ಇಳಿದದ್ದೇ ಇಲ್ಲ. ಇಳಿಯುವುದಾದರೂ ಹೇಗೆ? ಗಂಡ ಭಾಗಣ್ಣ ಭೀಮಾ ಹೊಳೆಯ ಅಂಬಿಗ. ಹಿಂದಿನ ಮಳೆಗಾಲದಲ್ಲಿ ಹರಿಗೋಲು ಬಂಡೆಗೆ ಬಡಿದು ಅವನ ಬೆನ್ನು ಮುರಿಯಿತು. ನಾಟಿ ವೈದ್ಯ ಬಿದಿರ ಪಟ್ಟಿ ಕಟ್ಟಿದ. ಬೆನ್ನೇನೋ ಕೂಡಿತು, ಆದರೆ ಬಾಗುವುದನ್ನೇ ಮರೆಯಿತು. ನಡೆಯಬಲ್ಲ, ನಿಂತೇ ಹುಟ್ಟು ಹಾಕಬಲ್ಲ; ನೆಲಕ್ಕೆ ಬಿದ್ದ ಬೀಡಿ ಎತ್ತಿಕೊಡಲು ಮಾತ್ರ ಹೆಂಡತಿಯೇ ಬೇಕು.

ಊರಿನಿಂದ ಹರಿಗೋಲು ನಿಲ್ಲುವ ಹೊಳೆಯ ಘಾಟಿಗೆ ಇದ್ದದ್ದು ಒಂದೇ ದಾರಿ, ಅದೂ ದೇಸಾಯಿ ಹಣಮಂತ್ರಾಯನ ಅರಮನೆಯಂಥ ದೇವಡಿಯ ಮುಂದೆ. ಹಾಯುವವರು ಚಪ್ಪಲಿ ಕೈಯಲ್ಲಿ ಹಿಡಿದು, ದೇಸಾಯಿ ಕೂಡುವ ಕಟ್ಟೆಯ ಎದುರು ಬಗ್ಗಿ ನೆಲ ಮುಟ್ಟಿ ಮುಜುರೆ ಮಾಡಬೇಕು. ನಿಜಾಮರು ಇದ್ದದ್ದು ದೂರದ ಹೈದರಾಬಾದಿನಲ್ಲಿ. ಇಲ್ಲಿ ದೇಸಾಯಿಯೇ ಸರಕಾರ. ಭಾಗಣ್ಣ ಕೈ ಮುಗಿದ, ತಲೆ ತಗ್ಗಿಸಿದ. ಅದು ಸಾಲಲಿಲ್ಲ.

"ಬಗ್ಗದವ ಈ ದಾರಿ ತುಳೀಬಾರದು" ಎಂದುಬಿಟ್ಟ ದೇಸಾಯಿ. ಕಾರಭಾರಿ ಅಯ್ಯಣ್ಣ ಭಾಗಣ್ಣನನ್ನು ದೇವಡಿಯ ಹತ್ತಿರದ ಹುಣಸೆಮರದ ಆಚೆಗೆ ಅಟ್ಟಿದ. ಅಂದಿನಿಂದ ಹರಿಗೋಲು ಘಾಟಿನಲ್ಲಿ ಬೋರಲು ಬಿದ್ದು ಒಣಗುತ್ತಿತ್ತು. ಹೊಳೆ ತುಂಬುವುದರೊಳಗೆ ಅಂಬಿಗ ಘಾಟಿಗೆ ಇಳಿಯದಿದ್ದರೆ ಘಾಟು ಬೇರೆಯವರ ಪಾಲಾಗುತ್ತಿತ್ತು. ಮರಿಲಿಂಗಮ್ಮ ಮಾತ್ರ ಮೀನಿನ ಬುಟ್ಟಿ ಇಳಿಸಿ, ಹೋಗುವಾಗೊಮ್ಮೆ ಬರುವಾಗೊಮ್ಮೆ ಆ ಕಟ್ಟೆಗೆ ಬಗ್ಗುತ್ತಿದ್ದಳು. ಬಗ್ಗಿದಾಗಲೆಲ್ಲ ಹಲ್ಲು ಕಡಿಯುತ್ತಿದ್ದಳು.

ಇಂಥದರಲ್ಲಿ ದೇಸಾಯಿಗೆ ವಿಲಾಯತಿ ಫಟಫಟಿ, ಅಂದರೆ ಮೋಟಾರ್ ಸೈಕಲ್ಲು, ಬಂತು. ಯಾದಗಿರಿ ಸ್ಟೇಷನ್ನಿನಲ್ಲಿ ಇಳಿಸಿ, ಎತ್ತಿನ ಬಂಡಿಯಲ್ಲಿ ಹುಲ್ಲು ಹಾಸಿ, ಹೊಸ ಸೊಸೆಯನ್ನು ಕರೆತಂದ ಹಾಗೆ ತಂದರು. ಚಂದವೇನೋ ಚಂದವೇ, ಸುಳ್ಳು ಯಾಕೆ ಹೇಳಬೇಕು! ಬೆಳ್ಳಿಯಂತೆ ಹೊಳೆಯುವ ಎಣ್ಣೆಟಾಕಿ, ಅದರ ಅಂಚಿಗೆ ಕುಂಕುಮದ ಗೆರೆ, ಒಂದೇ ಮಗ್ಗುಲಿಗೆ ಮೇಲೆದ್ದ ಎರಡು ಹೊಗೆಕೊಳವೆ. ಆದರೆ ಕೂಡುವ ಪರಿಯೇ ಬೇರೆ. ಹ್ಯಾಂಡಲ್ಲು ಮುಂದಿನ ಗಾಲಿಯ ಹತ್ತಿರ ತಗ್ಗಿನಲ್ಲಿ, ಕಾಲಿಡುವ ಗೂಟ ಹಿಂದೆ, ಕೂಡುವ ಜಾಗ ಅಂಗೈಯಷ್ಟು. ಹತ್ತಿದವನ ಎದೆ ಟಾಕಿಗೆ ತಾಗಲೇಬೇಕು.

ಮೊದಲ ದಿನ ದೇಸಾಯಿ ಓಣಿಯಲ್ಲಿ ಹಾಗೇ ಬಗ್ಗಿಕೊಂಡು ಹೋದ. ಅಗಸರ ಮೋನಮ್ಮ ಬಾಗಿಲಲ್ಲಿ ನಿಂತು ನೋಡಿ, "ಯವ್ವಾ, ಧಣಿ ನನಗ ಮುಜುರೆ ಮಾಡ್ಕೋಂತ ಹೋದ್ನಲ್ಲೇ!" ಎಂದು ಸೆರಗು ಬಾಯಿಗಿಟ್ಟುಕೊಂಡು ನಕ್ಕಳು. ಓಣಿಗೆ ಓಣಿಯೇ ನಕ್ಕಿತು. ಮರಿಲಿಂಗಮ್ಮ ಮಾತ್ರ ನಗಲಿಲ್ಲ. ಕಬ್ಬಿಣದ ಗಾಡಿಗೆ ಬಾಗುವ ಬೆನ್ನು ಇದು, ಇದಕ್ಕೆ ನನ್ನ ಗಂಡನ ಮುರಿದ ಬೆನ್ನು ಬಾಗಬೇಕೇ? ಮನೆಗೆ ಬಂದವಳೇ ಗಂಡನಿಗೆ ಹೇಳಿದಳು: "ನಾಳಿ ಹುಟ್ಟು ತಗೊಂಡು ಹುಣಸಿಗಿಡದ ಕೆಳಗ ನಿಂದ್ರು. ನಾ ಕರೆದಾಗ ಬಾ."

"ಹುಚ್ಚು ಹಿಡದೈತೇನ ನಿನಗ?"

"ಹಿಡದೈತಿ. ನೀ ನಿಂದ್ರು."

ಮರುದಿನ ಬೆಳಿಗ್ಗೆ ದೇವಡಿಯ ಅಂಗಳದಲ್ಲಿ ದೇಸಾಯಿಯ ಗೆಳೆಯ ಮನ್ಸೂರಅಲಿ ಇದ್ದ. ಗುಲಬರ್ಗಾದಿಂದ ಫಟಫಟಿ ನೋಡಲೆಂದೇ ಬಂದವನು. ಸುತ್ತ ಜನ ನೆರೆದಿತ್ತು.

"ಚಂದ ಐತಿ ಯಾರ್, ಖರೇನ" ಎಂದ ಮನ್ಸೂರಅಲಿ. "ಆದ್ರ ನೀ ಕುಂತರ ಎಮ್ಮಿ ಹಿಂಡಾಕ ಕುಂತಂಗ ಕಾಣ್ತದ. ಮಂದಿ ನಗ್ತಾರಂತಲ್ಲೋ, ದೇಸಾಯಿ ಎಲ್ಲಾರಿಗೂ ಸಲಾಂ ಹೊಡೀತಾನ ಅಂತ?"

"ನಗಲಿ ಬಿಡು! ಇದು ರೇಸಿನ ಗಾಡಿ. ಬಗ್ಗಿದ್ರನ ಗಾಳಿ ಮ್ಯಾಲಿಂದ ಹೋಗತೈತಿ. ಮೈ ಗಾಡಿ ಹೇಳಿದಂಗ ಕೇಳಬೇಕು. ಮೈ ಬಗ್ಗಿದ ಮಾತ್ರಕ್ಕ ಅದು ಮುಜುರೆ ಆಗತೈತೇನು? ಮನಸು ಬಗ್ಗಬೇಕೋ, ಮನಸು!"

ಮರಿಲಿಂಗಮ್ಮ ಬುಟ್ಟಿ ಇಳಿಸಲಿಲ್ಲ. ತಲೆಯ ಮೇಲೆ ಹೊತ್ತುಕೊಂಡೇ ಕಟ್ಟೆಯ ಎದುರು ನಿಂತಳು.

"ಏ, ಬಗ್ಗು ಮೊದ್ಲ!" ಎಂದು ಅಯ್ಯಣ್ಣ ಕೋಲೆತ್ತಿದ.

"ನೀ ಸುಮ್ಕಿರೋ ಅಯ್ಯಣ್ಣ, ಧಣ್ಯಾರ ಕೂಡ ಮಾತಾಡಾಕತ್ತೇನಿ. ಧಣಿ, ಮೈ ಬಗ್ಗಿದ್ರ ಮುಜುರೆ ಅಲ್ಲ ಅಂದ್ರಿ. ಹಂಗಾದ್ರ ಮೈ ಬಗ್ಗದಿದ್ರ ಅದು ಸೊಕ್ಕು ಹ್ಯಾಂಗಾತ್ರಿ? ನಿಮ್ಮ ಮೈ ಗಾಡಿ ಹೇಳಿದಂಗ ಕೇಳತೈತಿ. ನನ್ನ ಗಂಡನ ಮೈ ಮುರದ ಎಲುಬು ಹೇಳಿದಂಗ ಕೇಳತೈತಿ. ಅಂವ ಬಗ್ಗದ್ದು ಸೊಕ್ಕಾದ್ರ, ನಿನ್ನಿ ನೀವು ಬಗ್ಗಿದ್ದೂ ಮುಜುರೇನ. ಮೋನಮ್ಮಗೂ ಮಾಡೀರಿ, ನನಗೂ ಮಾಡೀರಿ, ತಿಪ್ಪಿ ಮ್ಯಾಲಿನ ಹಂದಿಗೂ ಮಾಡೀರಿ. ಎರಡರಾಗ ಯಾವುದು ಖರೆ, ಹೇಳ್ರಿ. ನಾ ಇಲ್ಲೇ ನಿಂತೇನಿ."

ಮನ್ಸೂರಅಲಿ ತೊಡೆ ತಟ್ಟಿಕೊಂಡು ನಕ್ಕ. "ವಾಹ್ ಭೈ! ನಿನ್ನ ಮಾತೇ ನಿನ್ನ ಕೊರಳಿಗೆ ಬಿತ್ತಲ್ಲೋ!"

ಗೆಳೆಯ ನಕ್ಕದ್ದೇ ದೇಸಾಯಿಗೆ ತಡೆಯಲಾಗಲಿಲ್ಲ. ಮುಖ ಕೆಂಪಗಾಯಿತು. "ಯಾಂವ ಬಗ್ಯಾನ? ನಾ ಬಗ್ಗಂಗಿಲ್ಲ ನೋಡ್ರಲೇ!" ಎಂದು ಫಟಫಟಿ ಹತ್ತಿ ಒದ್ದ. ಗಾಡಿ ಗುಡುಗಿತು. ಆಸಾಮಿ ಕುದುರೆಯ ಮೇಲೆ ಕೂತ ಹಾಗೆ ಎದೆ ಸೆಟೆದು ಕೂತ. ಕೂಡಬಹುದು, ಯಾರು ಬೇಡವೆಂದರು? ಆದರೆ ನೆಟ್ಟಗೆ ಕೂತವನ ಕೈ ಆ ಹ್ಯಾಂಡಲ್ಲಿಗೆ ಎಟಕಬೇಕಲ್ಲ! ಬೆರಳ ತುದಿ ಮಾತ್ರ ತಾಗಿತು. ಕಾಲು ಹಿಂದೆ ಮಡಚಿದ್ದರಿಂದ ನೆಲವೂ ಸಿಗಲಿಲ್ಲ. ಗಾಡಿ ಒಮ್ಮೆ ಜಗ್ಗಿದ್ದೇ ಗಾಬರಿಯಾಗಿ ಕೈಗೆ ಸಿಕ್ಕಿದ್ದನ್ನು ತಿರುವಿದ. ಅದು ಹುಚ್ಚೆದ್ದ ಹೋರಿಯ ಹಾಗೆ ನುಗ್ಗಿ, ದನ ನೀರು ಕುಡಿಯುವ ಬಾನಿಗೆ ಗುದ್ದಿ, ಧಣಿಯನ್ನು ಸಗಣಿಯ ಕೆಸರಿಗೆ ಕೆಡವಿತು.

"ನೆಲಾನ ಡೊಂಕ ಐತಿ! ಯಾವ ಮಗ ಇಲ್ಲಿ ಬಾನಿ ಇಟ್ಟಂವ?" ಎಂದು ದೇಸಾಯಿ ಅಯ್ಯಣ್ಣನ ಮೇಲೆ ಹರಿಹಾಯ್ದ. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ಏಳಲು ಹೋದ, ಸೊಂಟ ಹಿಡಿದುಕೊಂಡಿತು. ಅರ್ಧ ಎದ್ದವನು ಹಾಗೇ ಬಾನಿಯ ಅಂಚು ಹಿಡಿದು ಬಗ್ಗಿಯೇ ನಿಂತ.

ಮರಿಲಿಂಗಮ್ಮ ಹುಣಸೆಮರದ ಕಡೆ ತಿರುಗಿ ಕೂಗಿದಳು: "ಬಾರೋ!"

ಭಾಗಣ್ಣ ಹುಟ್ಟನ್ನು ಹೆಗಲಿಗಿಟ್ಟುಕೊಂಡು ಬಂದ. ನೆಟ್ಟಗೆ, ನಿಧಾನವಾಗಿ, ತನಗೆ ಬರುವ ಹಾಗೆ ಬಂದ. ಅಯ್ಯಣ್ಣ ಕೋಲು ಹಿಡಿದು ಧಣಿಯ ಮುಖ ನೋಡಿದ. ಧಣಿಯ ಮುಖ ನೆಲದ ಕಡೆಗಿತ್ತು.

"ಹೋಗಲಿ ಬಿಡೋ, ಮಾತು ನಿಂದೇ" ಎಂದ ಮನ್ಸೂರಅಲಿ ದೇಸಾಯಿಗೆ, ಈ ಸಲ ನಗದೆ. ಅಯ್ಯಣ್ಣನ ಕೋಲು ತಾನಾಗಿಯೇ ಕೆಳಗಿಳಿಯಿತು.

ಬಾನಿಯ ಹತ್ತಿರ ಭಾಗಣ್ಣ ನಿಂತ. "ಬೆನ್ನ ಜ್ವಾಕೀರಿ ಧಣಿ" ಎಂದ, ಕುಹಕವಿಲ್ಲದೆ. "ಒಮ್ಮಿ ಹಿಡೀತಂದ್ರ ಬಿಡಂಗಿಲ್ಲ ಅದು." ಎಂದು ಘಾಟಿಗೆ ಇಳಿದ.

"ಅವಗ ಯಾಕ ಬುದ್ಧಿ ಹೇಳಾಕ ಹೋಗಿದ್ದಿ?" ಎಂದು ಮರಿಲಿಂಗಮ್ಮ ದಾರಿಯುದ್ದಕ್ಕೂ ಬೈದಳು. ಬೈಯುತ್ತಲೇ ಹರಿಗೋಲು ಮಗುಚಿದಳು, ಬೈಯುತ್ತಲೇ ಅದಕ್ಕೆ ಡಾಂಬರು ಬಳಿದಳು. ಭಾಗಣ್ಣ ಹರಿಗೋಲಿನಲ್ಲಿ ನಿಂತು ಹುಟ್ಟು ಹಾಕಿದಾಗ ಮಾತ್ರ ಆಕೆಯ ಬಾಯಿ ನಿಂತಿತು, ಕಣ್ಣು ತುಂಬಿದವು.

ಸಂಜೆ ಗಂಡ ಮುಂದೆ, ಆಕೆ ಹಿಂದೆ, ಮನೆಗೆ ಹೊರಟರು. ದೇವಡಿಯ ಬಾಗಿಲು ಹಾಕಿತ್ತು. ಕಟ್ಟೆಯ ಮೇಲೆ ಯಾರೂ ಇರಲಿಲ್ಲ. ಭಾಗಣ್ಣ ನೆಟ್ಟಗೆ ದಾಟಿದ. ಮರಿಲಿಂಗಮ್ಮನ ಕೈ ಆಗಲೇ ಬುಟ್ಟಿ ಇಳಿಸಿತ್ತು; ಸೊಂಟ ಅರ್ಧ ಬಗ್ಗಿತ್ತು. ಆಕೆಗೆ ಗೊತ್ತೇ ಆಗಿರಲಿಲ್ಲ. ಗೊತ್ತಾದಾಗ ಇಡೀ ದಿನ ಬಾರದಷ್ಟು ಸಿಟ್ಟು ಬಂತು.

"ಥೂ ನಿನ್ನ!" ಎಂದು ತನ್ನ ಸೊಂಟಕ್ಕೇ ಫಟಾರನೆ ಹೊಡೆದುಕೊಂಡಳು. ಬುಟ್ಟಿ ಎತ್ತಿ ತಲೆಯ ಮೇಲಿಟ್ಟುಕೊಂಡಳು. ನಾಲ್ಕು ಹೆಜ್ಜೆ ಹಿಂದಕ್ಕೆ ಹೋಗಿ, ಮತ್ತೆ ಆ ಕಟ್ಟೆಯ ಮುಂದೆಯೇ ನೆಟ್ಟಗೆ ನಡೆದುಕೊಂಡು ಬಂದಳು.