ಮೊಳೆಯ ಮೇಲಿನ ಪಟ್ಟಿ

ಆ ಭಾನುವಾರ ಸಾಕ್ಷಿ ಹೇಳಲು ಎದ್ದು ನಿಲ್ಲದೆ ಹೋಗಿದ್ದರೆ ಇವತ್ತಿಗೂ ಓಡುತ್ತಿದ್ದೆನೋ ಏನೋ.

ಬೆಟಗೇರಿಯ ನೇಕಾರರ ಓಣಿಯಲ್ಲಿ ನಮ್ಮದೊಂದು ಸಣ್ಣ ಕ್ರೈಸ್ತ ಸಭೆ. ಎಣಿಸಿದರೆ ನಲವತ್ತು ಮಂದಿ. ಅಪ್ಪ ಅದರ ಹಿರಿಯ. ವಾರವೆಲ್ಲ ಸೀರೆ ನೇಯ್ದು, ಭಾನುವಾರ ಎಲ್ಲರಿಗಿಂತ ಮೊದಲು ಹೋಗಿ ಚಾಪೆ ಹಾಸುವವನು. ಗದಗ ಆಗಷ್ಟೇ ಜಿಲ್ಲೆಯಾಗಿತ್ತು. ಹೊಸ ಜಿಲ್ಲೆಯ ಹೆಸರಿನ ಬನಿಯನ್ ತೊಟ್ಟು ಎಂಟುನೂರು ಮೀಟರ್ ಓಡುವ ಕಾಲೇಜು ಹುಡುಗಿ ನಾನು. ಸಭೆಯಲ್ಲಿ ನನ್ನನ್ನು ಯಾರೂ ಬರೀ ರೆಬೆಕ್ಕ ಎಂದದ್ದಿಲ್ಲ, 'ಓಟದ ರೆಬೆಕ್ಕ.' ಅದು ನನಗೂ ಹಿತವಾಗಿತ್ತು, ಯಾಕೆ ಮುಚ್ಚಿಡಲಿ?

ಮೊಣಕಾಲಿನೊಳಗೆ ಏನೋ ಹರಿದಾಗ ಡಾಕ್ಟರು ಗಟ್ಟಿ ಪಟ್ಟಿಯೊಂದನ್ನು ಬಿಗಿದು, ಆರು ತಿಂಗಳು ಓಡಬೇಡ ಎಂದರು. ಸಭೆಯವರು ಮೂರು ದಿನ ಉಪವಾಸವಿದ್ದು ಪ್ರಾರ್ಥಿಸಿದರು. ಮುದುಕಿ ಹನಮಂತವ್ವ ಕೂಡ ನೀರು ಬಿಟ್ಟು ಬೇರೇನೂ ಮುಟ್ಟಲಿಲ್ಲ. ಪಾಸ್ಟರು ಕಾಲಿಗೆ ಎಣ್ಣೆ ಹಚ್ಚಿದರು. ಭಾನುವಾರ ಅವರು "ದೇವರು ಮಾಡಿದ ಉಪಕಾರಕ್ಕ ಸಾಕ್ಷಿ ಹೇಳೋರು ಯಾರದೀರಿ?" ಎಂದಾಗ ಎಲ್ಲರ ಮುಖ ನನ್ನ ಕಡೆ ತಿರುಗಿತು. ಅಪ್ಪನ ಮುಖವನ್ನಂತೂ ನೋಡಲಾಗಲಿಲ್ಲ, ಅಷ್ಟು ಆಸೆ ಅದರಲ್ಲಿ. ನೋವು ತುಸು ಕಡಿಮೆಯಾಗಿತ್ತು, ಅಷ್ಟೆ. ಎದ್ದು ನಿಂತು, ಗುಣವಾಗಿದೆ ಎಂದುಬಿಟ್ಟೆ. ಪಟ್ಟಿ ಬಿಚ್ಚಿ ಅಪ್ಪನ ಕೈಗಿಟ್ಟೆ. ಅಪ್ಪ ಅತ್ತ. ಅವ್ವ ತೀರಿಕೊಂಡಾಗಲೂ ಹಾಗೆ ಅತ್ತಿರಲಿಲ್ಲ. ಮನೆಗೆ ಬಂದವನೇ ಅದನ್ನು ಬಾಗಿಲ ಪಕ್ಕದ ಮೊಳೆಗೆ ತೂಗುಹಾಕಿದ, ಬಂದವರೆಲ್ಲ ನೋಡಿ ದೇವರನ್ನು ಕೊಂಡಾಡಲಿ ಎಂದು.

ಸಾಕ್ಷಿ ಹೇಳಿದ ಮೇಲೆ ಮತ್ತೆ ಪಟ್ಟಿ ಕಟ್ಟಿಕೊಂಡರೆ ದೇವರನ್ನೇ ಸುಳ್ಳುಗಾರ ಎಂದಂತೆ. ತಿಂಗಳೊಳಗೆ ವಿಶ್ವವಿದ್ಯಾಲಯದ ಕ್ರೀಡಾಕೂಟ ಬಂತು. ಕೋಚ್ ಯಮನೂರಪ್ಪ ಸರ್ ಪಟ್ಟಿಯಿಲ್ಲದ ಮೊಣಕಾಲು ನೋಡಿ, "ಡಾಕ್ಟರ್ ಹೂಂ ಅಂದಾರೇನು?" ಎಂದು ಕೇಳಿದರು.

"ಆರಾಮ ಆಗೇತ್ರಿ ಸರ್."

ಎರಡನೇ ಸುತ್ತಿನ ತಿರುವಿನಲ್ಲಿ ಮೊಣಕಾಲು ಕೈಕೊಟ್ಟಿತು. ಇನ್ನು ಓಟದ ಮಾತೇ ಬೇಡ, ನಡೆಯಲಿಕ್ಕೂ ಪಟ್ಟಿ ಬೇಕು ಎಂದರು ಡಾಕ್ಟರು.

ಸಭೆಯವರು ಒಬ್ಬೊಬ್ಬರಾಗಿ ಬಂದರು, ಮೊಳೆಯ ಕಡೆ ನೋಡದೆ ಕೂತು ಎದ್ದುಹೋದರು. ಅಪ್ಪ ಮಾತ್ರ, "ನಿನ್ನ ವಿಶ್ವಾಸದಾಗ ಎಲ್ಲೋ ಕೊರತಿ ಐತವ್ವಾ" ಎಂದ. ಮೈಯೆಲ್ಲ ಉರಿಯಿತು. ಆದರೂ ಪ್ರಾರ್ಥಿಸಲು ಕಣ್ಣು ಮುಚ್ಚಿದರೆ ನಾಲಿಗೆ ಏಳುತ್ತಿರಲಿಲ್ಲ. ಇಷ್ಟು ವರ್ಷ ದೇವರ ಹತ್ತಿರ ಆಡಿದ್ದೆಲ್ಲ ಓಟದ ಮಾತೇ. ಓಡದ ರೆಬೆಕ್ಕಳ ಗುರುತು ಆತನಿಗೆ ಇದೆಯೋ ಇಲ್ಲವೋ, ನನಗಂತೂ ಇರಲಿಲ್ಲ. ಅಪ್ಪನಿಗಾದರೂ ಇದ್ದೀತು ಎಂಬ ಒಂದೇ ಆಸೆ ಉಳಿದಿತ್ತು.

ಶನಿವಾರ ಗೋಡೆ ಹಿಡಿದು ಅವನ ಮಗ್ಗದ ತನಕ ಹೋದೆ.

"ಅಪ್ಪಾ, ಅವತ್ತು ಗುಣ ಆಗಿರ್ಲಿಲ್ಲ. ನಿನ್ನ ಮುಖ ನೋಡಿ ಸುಳ್ಳ ಹೇಳಿಬಿಟ್ಟೆ."

ಅವನ ಕೈ ನಿಂತಿತು. ಬೈದಿದ್ದರೂ ಸಮಾಧಾನವಾಗುತ್ತಿತ್ತು.

"ಇದನ್ನ ಯಾರ ಮುಂದೂ ಆಡಬ್ಯಾಡ" ಎಂದ. "ಮಂದಿ ಮೂರು ದಿವಸ ಉಪಾಸ ಇದ್ದರವ್ವಾ."

ಮರುದಿನ ಸಭೆಗೆ ಹೊರಟಾಗ ಪಟ್ಟಿಗಾಗಿ ಮೊಳೆಗೆ ಕೈ ಚಾಚಿದೆ. ಅಪ್ಪ ನನ್ನ ಮುಂಗೈ ಹಿಡಿದ.

"ಅದು ಅಲ್ಲೇ ಇರ್ಲಿ."

ಬಾಗಿಲ ಚೌಕಟ್ಟು ಹಿಡಿದು, ಹಲ್ಲು ಕಚ್ಚಿ, ಒಬ್ಬಳೇ ಹೊಸ್ತಿಲು ದಾಟಿದೆ. ಅಪ್ಪ ಹಿಂದೆ ಉಳಿದು ಪಟ್ಟಿಯ ಮೇಲಿನ ಧೂಳು ಒರೆಸುತ್ತಿದ್ದ.