ಎಡಹೆಗಲ ಪ್ಯಾಡು

"ಇನ್ನೊಂಚೂರು ಎತ್ತು ಪರಮೇಶ, ಎಡಗಡೆ ವಾಲ್ತಾ ಅದೆ," ಎಂದರು ಪಕ್ಕದ ಮನೆಯ ಈಶ್ವರಯ್ಯ.

ಪರಮೇಶ್ ತೀರಿಕೊಂಡ ಅಪ್ಪನ ಕಂಕುಳಿಗೆ ಕೈ ಕೊಟ್ಟು ಎತ್ತಿದ. ಕೊಣನೂರಿನ ಟೈಲರ್ ಗಂಗಾಧರಯ್ಯನವರಿಗೆ ವಿಭೂತಿ ಹಚ್ಚಿ, ಗೋಡೆಗೆ ಒರಗಿಸಿ ಕೂರಿಸಿ ಎರಡು ಗಂಟೆಯಾಗಿತ್ತು. ಸಮಾಧಿಗೂ ಕೂತೇ ಹೋಗಬೇಕಾದವರು. ಎಷ್ಟು ಕಟ್ಟಿದರೂ ಹಾಳಾದ ಎಡಹೆಗಲು ಜಾರುತ್ತಲೇ ಇತ್ತು. ಸೊಸೆ ಪ್ರೇಮಕುಮಾರಿ ಬೆಳಗಿನಿಂದ ನಿಂತೇ ಇದ್ದಳು. ಅಳುವುದಕ್ಕೂ ತ್ರಾಣವಿರಲಿಲ್ಲ.

"ದೇವ್ರಂತೋರು. ಮೊಮ್ಮಗಳ ವಿಷ್ಯದಲ್ಲಿ ಮಾತ್ರ ಬುದ್ಧಿ ಕೆಟ್ಟಿತ್ತು," ಎಂದು ಈಶ್ವರಯ್ಯ ದನಿ ತಗ್ಗಿಸಿದರು. "ಬೆನ್ನು ಸೊಟ್ಟ ಆಗಿದ್ದು ಕಾಣ್ದಂಗೆ ಅಂಗಿಯೊಳಗೆ ಬಟ್ಟೆ ತುಂಬಿ ಹೊಲ್ಯಾದಾ?"

"ಬುಡಿ ಈಶ್ವರಣ್ಣ, ಇವತ್ತು ಬ್ಯಾಡ," ಎಂದ ಪರಮೇಶ್. ಅವನೂ ಮೂರು ವರ್ಷದಿಂದ ಅಪ್ಪನ ಜೊತೆ ನೆಟ್ಟಗೆ ಮಾತಾಡಿದವನಲ್ಲ.

ಪ್ರೇಮಕುಮಾರಿ ಬಾಗಿಲ ಚೌಕಟ್ಟು ಹಿಡಿದುಕೊಂಡಳು.

*

ಮಗಳು ಸಿಂಧು ಆಗ ಎಂಟನೇ ಕ್ಲಾಸು. ಯೂನಿಫಾರಂ ಅಳತೆಗೆ ಟೇಪು ಹಿಡಿದ ತಾತ ಎರಡು ಸಲ ಅಳೆದರು. ದೂರ ನಿಂತು, ಒಂದು ಕಣ್ಣು ಮುಚ್ಚಿ ನೋಡಿದರು. ಹುಡುಗಿ ಒಳಗೆ ಹೋದ ಮೇಲೆ ಸೊಸೆಯನ್ನು ಕರೆದರು.

"ಪ್ರೇಮಾ, ಎಡಹೆಗಲು ಒಂದಿಂಚು ಇಳ್ದದೆ ಕಣವ್ವ. ಬೆನ್ನೂ ಓರೆ. ಹಾಸನಕ್ಕೆ ಕರ್ಕೊಂಡೋಗಿ ಡಾಕ್ಟ್ರಿಗೆ ತೋರ್ಸಾನ."

"ಊರಿಗೆಲ್ಲ ಗೊತ್ತಾದ್ರೆ ನಾಳೆ ಯಾರು ಕಟ್ಕೊಂಡಾರು ಮಾವ? ಎಸ್ಸೆಸ್ಸೆಲ್ಸಿ ಮುಗೀಲಿ. ಅಲ್ಲೀಗಂಟ ನೀವೇ ಏನಾದ್ರೂ ತುಂಬಿ ಹೊಲೀರಿ. ಇವ್ರಿಗೂ ಹೇಳ್ಬ್ಯಾಡಿ."

ಅವರು ಅಂಗಿಯ ಎಡಹೆಗಲೊಳಗೆ ಬಟ್ಟೆಯ ಪ್ಯಾಡಿಟ್ಟು ಹೊಲಿದರು. ಪ್ರತಿ ಸಲವೂ ಪ್ಯಾಡು ದಪ್ಪವಾಯಿತು. ಪ್ರತಿ ಸಲವೂ ಅವರು "ತೋರ್ಸಾನ ಕಣವ್ವ" ಎಂದರು, ಅವಳು "ಆಮ್ಯಾಕೆ" ಎಂದಳು.

ಕೊನೆಗೆ ಪ್ಯಾಡಿಗೂ ಆ ಓರೆ ಮುಚ್ಚಲಾಗದೆ ಆಸ್ಪತ್ರೆಗೆ ಹೋದಾಗ ಹಾಸನದ ಡಾಕ್ಟರು ಎಕ್ಸ್‌ರೇ ನೋಡಿ, "ಬೆನ್ನುಮೂಳೆ ಎಪ್ಪತ್ತು ಡಿಗ್ರಿ ಬಾಗಿದೆ. ಬೇಗ ಬಂದಿದ್ದರೆ ಬೆಲ್ಟಿನಲ್ಲೇ ತಡೆಯಲು ನೋಡಬಹುದಿತ್ತು. ಈಗ ಆಪರೇಷನ್ ಮಾಡಿ ರಾಡು ಕೂರಿಸಬೇಕು," ಎಂದರು.

"ಇದನ್ನ ಮುಚ್ಚಿಟ್ಟೋರು ಯಾರು?" ಎಂದು ಪರಮೇಶ್ ಮನೆಯಲ್ಲಿ ಪ್ಯಾಡು ಹಿಡಿದು ಕೇಳಿದಾಗ ಗಂಗಾಧರಯ್ಯ ಸೊಸೆಯ ಕಡೆ ತಿರುಗಲೂ ಇಲ್ಲ.

"ನಾನೇ ಕಣಪ್ಪ," ಎಂದರು.

ಪ್ರೇಮಕುಮಾರಿ ಬಾಯಿ ಬಿಡಲಿಲ್ಲ. ಮಗಳನ್ನು ಆಪರೇಷನ್‌ಗೆ ಒಳಗೆ ತಳ್ಳಿಕೊಂಡು ಹೋದಾಗಲೂ ಬಿಡಲಿಲ್ಲ. ನಾಚಿಕೆಗಿಂತ ಹೆದರಿಕೆ ದೊಡ್ಡದಾಗಿತ್ತು.

*

ಗಂಗಾಧರಯ್ಯನವರ ಹೆಗಲು ಮತ್ತೆ ಜಾರಿತು. "ಹೊತ್ತಾಯ್ತು, ಎತ್ರಪ್ಪ," ಎಂದರು ವಿಧಿ ಮಾಡಿಸಲು ಬಂದಿದ್ದ ಅಯ್ಯನೋರು.

"ಒಂದ್ಗಳಿಗೆ ತಡೀರಿ." ಪ್ರೇಮಕುಮಾರಿ ಒಳಗೆ ಹೋಗಿ ಹೊಲಿಗೆ ಮೆಷಿನ್ನಿನ ಡ್ರಾಯರಿನಿಂದ ಹಳೆಯ ಬಿಳಿ ಪ್ಯಾಡು ತಂದಳು. ಗಂಡನ ಮುಂದೆ ಹಿಡಿದಳು. "ಇದನ್ನ ಹೊಲ್ಸಿದ್ದು ನಾನು. ಮಾವ ಬ್ಯಾಡಾಂತಲೇ ಇದ್ರು. ಬೈಸ್ಕೊಂಡಿದ್ದು ಮಾತ್ರ ಅವರು."

ಪರಮೇಶ್ ಅಪ್ಪನ ಪಾದ ಹಿಡಿದು ಕೂತ. ಈಶ್ವರಯ್ಯ ನೆಲ ನೋಡಿದರು.

ತಾತನ ಪಕ್ಕದಲ್ಲಿದ್ದ ಸಿಂಧು ಅಮ್ಮನ ಮುಖವನ್ನೇ ನೋಡುತ್ತ ನಿಂತಳು. ಆಮೇಲೆ ಅವಳ ಕೈಯಿಂದ ಪ್ಯಾಡು ತೆಗೆದುಕೊಂಡಳು. ರಾಡು ಹಾಕಿದ ಬೆನ್ನು ಬಗ್ಗದು, ನೆಟ್ಟಗೆ ಮಂಡಿಯೂರಿದಳು. ತಾತನ ಅಂಗಿಯ ಗುಂಡಿ ಬಿಚ್ಚಿ, ಪ್ಯಾಡನ್ನು ಎಡಹೆಗಲ ಮೇಲೆ ಕೂರಿಸಿ, ಮತ್ತೆ ಗುಂಡಿ ಹಾಕಿದಳು.

ಎದ್ದು ಎರಡು ಹೆಜ್ಜೆ ಹಿಂದೆ ಸರಿದು, ಒಂದು ಕಣ್ಣು ಮುಚ್ಚಿ ನೋಡಿದಳು. ಎರಡೂ ಹೆಗಲು ಸಮವಾಗಿದ್ದವು.