ಹುಳುವಿಲ್ಲದ ವಾರ

“ಬ್ರೇಕ್ ಮುಟ್ಬೇಡಿ ಅಕ್ಕ, ಹಂಗೇ ಬಿಡಿ, ಅದೇ ಹತ್ತುತ್ತೆ,” ಎಂದು ರಮೇಶ್‌ಬಾಬು ಪಕ್ಕದ ಸೀಟಿನಿಂದ ಹೇಳುವಷ್ಟರಲ್ಲಿ ಗಾಡಿಯ ಮೂತಿ ಕೆರೆಯ ಕೆಸರಿಗೆ ಕುಕ್ಕರಿಸಿತು. ಒಂದು ಕ್ಷಣ ಯೋಚಿಸಿದಂತೆ ನಿಂತು, ನಾಲ್ಕೂ ಚಕ್ರ ಒಟ್ಟಿಗೆ ಹಲ್ಲು ಕಚ್ಚಿ ಏರಿಯತ್ತ ತೆವಳತೊಡಗಿತು. ಶೈಲಜಾ ಸ್ಟೀರಿಂಗನ್ನು ಎಮ್ಮೆಯ ಕೊಂಬು ಹಿಡಿದಂತೆ ಹಿಡಿದಿದ್ದಳು. ಹಿಂದಿನ ಸೀಟಿನಲ್ಲಿ ಅವಳ ಗಂಡ ತಿರುಮಲೇಶ ಎರಡು ಕೈಯಲ್ಲೂ ಕಂಬಿ ಹಿಡಿದು ವಿದುರಾಶ್ವತ್ಥದ ನಾಗರಕಲ್ಲುಗಳನ್ನೆಲ್ಲ ನೆನೆಯುತ್ತಿದ್ದ.

ಏರಿಯ ಮೇಲೆ ಬಂದು ನಿಂತಾಗ ಅವಳ ಬೆನ್ನು ಒದ್ದೆಯಾಗಿತ್ತು. ಇಳಿಯಲು ಮನಸ್ಸಾಗಲಿಲ್ಲ. ಇನ್ನೊಂದು ಸಲ ಕೆಳಗಿಳಿಸಿ ಹತ್ತಿಸಬೇಕು ಅನ್ನಿಸಿತು.

ರಮೇಶ್‌ಬಾಬು ತೊಂಡೇಬಾವಿ ಕಡೆಯ ದ್ರಾಕ್ಷಿ ಬೆಳೆಗಾರ. ಸಂಸಾರ ದೊಡ್ಡದಾಯಿತು, ಈ ಪುಟ್ಟ ಗಾಡಿಯಲ್ಲಿ ಮೊಣಕಾಲಿಗೆ ಮೊಣಕಾಲು ತಾಗುತ್ತದೆ ಎಂದು ಮಾರಲು ಹೊರಟಿದ್ದ. ವರ್ಷಕ್ಕೊಮ್ಮೆ ಮರವಂತೆಯ ಸಮುದ್ರಕ್ಕೆ ಇದರಲ್ಲೇ ಹೋಗುತ್ತಿದ್ದರಂತೆ. ಉಳಿಯುವ ಮನೆಗೆ ಮರಳಿನ ದಾರಿ. ಮಿಕ್ಕವರ ಕಾರುಗಳು ಹೊಟ್ಟೆಯವರೆಗೆ ಹೂತು ಕೂತರೆ ಇದು ಸಲೀಸಾಗಿ ದಾಟುತ್ತಿತ್ತಂತೆ. ಮನೆಗೆ ಬಂದ ದಿನವೇ ಅಡಿಭಾಗಕ್ಕೆ ಸಿಹಿನೀರು ಹೊಡೆಯಬೇಕು, ಉಪ್ಪು ಕಬ್ಬಿಣ ತಿನ್ನುತ್ತದೆ ಎಂದೂ ಹೇಳಿದ. ಶೈಲಜಾ ಅದನ್ನೆಲ್ಲ ಹರಿಕಥೆ ಕೇಳುವ ಹಾಗೆ ಕೇಳಿದಳು.

ತಿರುಮಲೇಶ ಅಷ್ಟರಲ್ಲಿ ಇಳಿದು ಹೋಗಿ ಹಿಂಬಾಗಿಲು ತೆಗೆದು, ಮ್ಯಾಟು ಎತ್ತಿ ಮೂಸುತ್ತಿದ್ದ. ಒಂದು ಮೂಲೆ ಮೂಸಿದ, ಇನ್ನೊಂದು ಮೂಲೆ ಮೂಸಿದ.

“ಎಲ್ರೂ ಎಂಜಿನ್ ನೋಡ್ತಾರೆ. ನೀವೇನಣ್ಣ, ಗಾಡಿನ ಸಾರು ಮೂಸ್ದಂಗೆ ಮೂಸ್ತೀರ?” ಎಂದ ರಮೇಶ್‌ಬಾಬು.

ತಿರುಮಲೇಶ ನಗಲಿಲ್ಲ. ದ್ರಾಕ್ಷಿಗೆ ಹೊಡೆಯುವ ಔಷಧಿಯ ಡ್ರಮ್ಮನ್ನು ಎಂದಾದರೂ ಇದರಲ್ಲಿ ಹಾಕಿದ್ದೀರಾ ಎಂದು ಕೇಳಿದ. ಶಿಡ್ಲಘಟ್ಟದ ಕಡೆ ರೇಷ್ಮೆ ಸಾಕುವವರು ಹೆಣ್ಣು ನೋಡಲು ಹೋದರೂ ಇದೊಂದು ಕೇಳಿಯೇ ಬಿಡುತ್ತಾರೆ. ಹಿಪ್ಪುನೇರಳೆ ಸೊಪ್ಪಿಗೆ ಔಷಧಿಯ ಗಾಳಿ ಸೋಕಿದರೆ ಬೆಳಗಾಗುವುದರೊಳಗೆ ಮನೆ ತುಂಬ ಹುಳು ಅಂಗಾತ ಮಲಗಿರುತ್ತವೆ. ಅದಕ್ಕೆಲ್ಲ ಬೇರೆ ಟೆಂಪೋ ಇದೆ ಎಂದು ರಮೇಶ್‌ಬಾಬು ಮಗಳ ಮೇಲೆ ಆಣೆ ಇಟ್ಟ. ತಿರುಮಲೇಶನ ಮುಖ ಅರಳಿತು. ಗೇಣು ಹಾಕಿ ಅಳೆದು, ಸೀಟು ಮಡಚಿದರೆ ಸೊಪ್ಪಿನ ಹೊರೆಗಳು ಚೆನ್ನಾಗಿ ಕೂರುತ್ತವೆ, ಮಳೆಗಾಲದಲ್ಲಿ ಮೇಲಿನ ತೋಟಕ್ಕೆ ಬೈಕೂ ಹೋಗುವುದಿಲ್ಲ ಎಂದ.

ಶೈಲಜಾಳ ಮುಖ ಬಾಡಿತು. ಸಮುದ್ರಕ್ಕೆ ಹೋಗುವವನು ಮ್ಯಾಟು ಮೂಸುವುದಿಲ್ಲ.

ಹುಳು ಸಾಕುವ ಮನೆಗೆ ಬೀಗ ಹಾಕಿಕೊಂಡು ಎಲ್ಲರೂ ಹೋಗುವ ಹಾಗಿಲ್ಲ. ಒಬ್ಬರು ಉಳಿಯಲೇಬೇಕು, ಹೊತ್ತಿಗೆ ಸರಿಯಾಗಿ ಸೊಪ್ಪು ಹಾಕಬೇಕು. ಅವಳ ತಮ್ಮನ ಮದುವೆಯಲ್ಲಿ ಮುಹೂರ್ತದ ಫೋಟೋಗಳಲ್ಲಿ ಅವಳಿದ್ದಾಳೆ, ಆರತಕ್ಷತೆಯ ಫೋಟೋಗಳಲ್ಲಿ ತಿರುಮಲೇಶನಿದ್ದಾನೆ. ಆಲ್ಬಮ್ ನೋಡಿದವರಿಗೆ ಇವರಿಬ್ಬರಿಗೂ ಪರಿಚಯವೇ ಇಲ್ಲ ಅನ್ನಿಸಬೇಕು. ಬೆಳೆ ಬೆಳೆಯ ನಡುವಿನ ಬಿಡುವು ಒಂದು ವಾರ. ಅದನ್ನೂ ಪ್ರತಿ ಸಲ ಏನೋ ಒಂದು ನುಂಗುತ್ತಿತ್ತು. ಈ ಸಲ ಗೂಡು ಮಾರಿ, ಹುಳುಮನೆಯನ್ನು ಬ್ಲೀಚಿಂಗ್ ಪೌಡರ್ ಹಾಕಿ ತೊಳೆದು ಮುಚ್ಚಿದ್ದರು. ಗಾಡಿ ತರೋಣ, ಇದೇ ವಾರ ಎಲ್ಲರೂ ಸಮುದ್ರಕ್ಕೆ ಹೋಗಿ ಬರೋಣ ಎಂದವನು ತಿರುಮಲೇಶನೇ. ಅತ್ತೆ ಲಕ್ಷ್ಮೀನರಸಮ್ಮ ಸಮುದ್ರಸ್ನಾನ ಆದಮೇಲೆ ಸೀರೆ ಬದಲಾಯಿಸಲು ಮರೆ ಇರುತ್ತದೆಯೇ ಎಂದು ಕೇಳಿದ್ದರು. ಮಕ್ಕಳು ಸ್ಕೂಲ್ ಬ್ಯಾಗಿನ ಪುಸ್ತಕ ಸುರಿದು ಬಟ್ಟೆ ತುಂಬಿದ್ದರು.

ಗಾಡಿ ಕೊಂಡು, ಸಹಿ ಎಲ್ಲ ಮುಗಿಸಿ ಹೊರಟಾಗ ಮಧ್ಯಾಹ್ನ. ಅವಳೇ ಓಡಿಸಿದಳು. ಚಿಕ್ಕಬಳ್ಳಾಪುರ ದಾಟುವವರೆಗೆ ತಿರುಮಲೇಶನ ಫೋನು ಬಡಿದುಕೊಳ್ಳುತ್ತಲೇ ಇತ್ತು, ಅವನು ಕತ್ತರಿಸುತ್ತಲೇ ಇದ್ದ. ನಾಳಿದ್ದು ಬೆಳಗ್ಗೆ ಹೊರಡುವುದು ತಾನೆ ಎಂದು ಅವಳು ಕೇಳಿದಳು. ಹೂಂ ಎಂದ. ಆ ಹೂಂ ಅವಳಿಗೆ ಹಿಡಿಸಲಿಲ್ಲ. ಸ್ವಲ್ಪ ದೂರ ಹೋದ ಮೇಲೆ, ಚಲಪತಿಗೆ ಗಾಡಿ ತೋರಿಸಿ ಹೋಗೋಣ, ಒಂದು ನಿಮಿಷ ನಿಲ್ಲಿಸು ಎಂದ.

ಚಲಪತಿಯದು ಚಾಕಿ ಕೇಂದ್ರ, ಅಂದರೆ ಮರಿಹುಳುಗಳ ಬಾಲವಾಡಿ. ಅಲ್ಲಿ ಸ್ವಲ್ಪ ಬೆಳೆಸಿ ರೈತರಿಗೆ ಕೊಡುತ್ತಾರೆ. ಅವನು ಬಂದು ಬಾನೆಟ್ ತಟ್ಟಿ “ಬಾಗುಂದಿ” ಎಂದು ತೆಲುಗಿನಲ್ಲಿ ಮೆಚ್ಚಿದ. ಆಮೇಲೆ ವಿಷಯಕ್ಕೆ ಬಂದ. ಇವತ್ತು ಹುಳು ಒಯ್ಯಬೇಕಿದ್ದವರ ಮನೆಯಲ್ಲಿ ಸಾವಾಗಿದೆ. ಸೂತಕದವರು ಹುಳು ಮುಟ್ಟುವ ಹಾಗಿಲ್ಲ. ನಿದ್ದೆಗೆ ಕೂತ ಹುಳುಗಳು ಸಂಜೆಗೆ ಎಚ್ಚರವಾಗಿ ಹೊಟ್ಟೆಗೆ ಕೇಳುತ್ತವೆ. ದುಡ್ಡಿನ ಮಾತೇ ಬೇಡ, ನಿಮ್ಮ ಮನೆ ತೊಳೆದು ತಯಾರಿದೆ, ಮೇಲಿನ ತೋಟದಲ್ಲಿ ಸೊಪ್ಪಿದೆ, ನೀವೇ ಒಯ್ಯಿರಿ ಎಂದ.

ಶೈಲಜಾ ಗಂಡನ ಕಡೆ ತಿರುಗಿದಳು. ಅವನಿಗೆ ಆಶ್ಚರ್ಯವಾಗಿರಲಿಲ್ಲ. ಫೋನು ಯಾರದೆಂದು ಅವಳಿಗೆ ಆಗ ತಿಳಿಯಿತು.

ಚಲಪತಿ ಒಂದು ತಟ್ಟೆಯನ್ನು ಅವಳ ಕಿಟಕಿಗೇ ತಂದು ಹಿಡಿದ. ಪೊರೆ ಬಿಡುವ ಮುಂಚಿನ ನಿದ್ದೆಯಲ್ಲಿ ಹುಳುಗಳೆಲ್ಲ ತಲೆ ಎತ್ತಿ, ಅಲುಗದೆ ನಿಂತಿದ್ದವು. ಒಂದೂ ರೋಗದ್ದಲ್ಲ. ಹಸಿದ ಹುಳುವನ್ನು ಬಿಟ್ಟು ಬಂದವಳಲ್ಲ ಅವಳು. ಬಾಣಂತಿಯಾಗಿದ್ದಾಗಲೂ ಕಿಟಕಿಯಾಚೆ ನಿಂತು ಸೊಪ್ಪು ಹಾಕಿದರೋ ಇಲ್ಲವೋ ಎಂದು ಇಣುಕಿದವಳು. ಸೊಪ್ಪು ಕತ್ತರಿಸಲು ಬೆಳಗಿನ ಜಾವ ಏಳುವವಳೂ ಅವಳೇ.

“ಸಮುದ್ರ ಎಲ್ಗೂ ಓಡೋಗಲ್ಲ ಕಣೇ,” ಎಂದ ತಿರುಮಲೇಶ. ದನಿಯಲ್ಲಿ ನಿಜವಾಗಿಯೂ ಪ್ರೀತಿಯಿತ್ತು. “ಸೊಪ್ಪು ಬಲಿತು ಹಾಳಾಗ್ತಿದೆ. ಇದೊಂದು ಬೆಳೆ ಗೂಡು ಕಟ್ಲಿ, ಎಲ್ರೂ ಹೋಗಣ. ಗಾಡಿ ನೀನೇ ಓಡ್ಸು. ಕೀನೂ ನಿನ್ನ ಹತ್ರಾನೇ ಇರ್ಲಿ.”

ಎಂಜಿನ್ ಇನ್ನೂ ಓಡುತ್ತಿತ್ತು. ಚಲಪತಿ ತಟ್ಟೆಗಳನ್ನು ಜೋಡಿಸಿಕೊಂಡು ಹಿಂದಕ್ಕೆ ಹೋಗಿ ಬಾಗಿಲು ಎಳೆದ. ಅದು ತೆರೆಯಲಿಲ್ಲ.

“ಲಾಕ್ ಆಗಿದೆ ನೋಡಕ್ಕ. ತೆಗಿ.”

“ತೆಗಿಯಲ್ಲ,” ಎಂದಳು ಶೈಲಜಾ. “ನಮ್ಗೆ ಹುಳ ಬೇಡ.”